ಕವಲಿನಲ್ಲಿ ಒಂದು ಎಲೆ

ಇವರ ಹೆಸರು ಹೇಳಿ ನೋಡೋಣ ಯಜಮಾನ್ರೇ, ಎಂದರು ಡಾಕ್ಟರ್ ಹರಿಣಿ, ಸೆರಗು ಹಿಂಡುತ್ತ ನಿಂತಿದ್ದ ಹೆಂಡತಿಯ ಕಡೆ ತೋರಿಸಿ, ಜಯರಾಮಪ್ಪನ ಎಡಗುತ್ತಿಗೆಯ ಮೇಲೆ ಸ್ಕ್ಯಾನಿಗೆ ಬಳಿದ ಅಂಟು ತಣ್ಣಗೆ ಇಳಿಯುತ್ತಿತ್ತು, ಯಂತ್ರದೊಳಗಿಂದ ಜುಯ್, ಜುಯ್, ಅದು ನಿಮ್ಮದೇ ರಕ್ತದ ಸದ್ದು ಅಂದರಲ್ಲ, ತನ್ನೊಳಗೆ ಇಷ್ಟು ಗಲಾಟೆ ಮಾಡುವುದಕ್ಕೆ ಒಂದು ಹೆಸರು ಎತ್ತಿ ಬಾಯಿಗೆ ಹಾಕಲು ಆಗುವುದಿಲ್ಲವೇ, ಹೆಸರು ಗೊತ್ತು, ಗೊತ್ತಿಲ್ಲದೆ ಏನು, ಮದುವೆಯಾಗಿ ಬಂದಾಗ ಹೊಸಿಲಲ್ಲಿ ಹೆಂಗಸರು ಅಡ್ಡ ನಿಂತು ಹೆಂಡ್ತಿ ಹೆಸರು ಹೇಳೋ, ಒಳಕ್ಕೆ ಬಿಡ್ತೀವಿ ಅಂದಾಗ ಹೇಳಿದ್ದ, ಅದೇ ಮೊದಲು, ಅದೇ ಕೊನೆ, ಆಮೇಲೆಲ್ಲ ಏಯ್, ಇವಳೇ, ಸೊಪ್ಪು ತಂದಿದೀನಿ ಬಾರೇ, ಮಗಳು ಹುಟ್ಟಿದ ಮೇಲೆ ಪ್ರಿಯಾಂಕನ ಅಮ್ಮ — ಜಂಗಮಕೋಟೆಯಲ್ಲಿ ಬಸ್ಸು ಹತ್ತಿದರೆ ಶಿಡ್ಲಘಟ್ಟ ಬರುವಷ್ಟರಲ್ಲಿ ಬಸ್ಸಿಗೆಲ್ಲ ನೆಂಟನಾಗುತ್ತಿದ್ದ ಬಾಯಿ ಇದು, ಮೊನ್ನೆ ರೇಷ್ಮೆ ಹುಳುಮನೆಯಲ್ಲಿ ಬಲಗೈಯಿಂದ ಸೊಪ್ಪಿನ ಹೊರೆ ಜಾರಿತು, ಏಯ್ ಅಂತ ಕೂಗಿದರೆ ಬರೀ ಗಾಳಿ ಬಂತು, ನೋಡಿ ಅಮ್ಮ, ಡಾಕ್ಟರು ಅವಳಿಗೆ ಪರದೆ ತೋರಿಸುತ್ತಿದ್ದಾರೆ, ಈ ರಕ್ತನಾಳ ಇಲ್ಲಿ ಕವಲೊಡೆಯುತ್ತೆ, ನೇರ ಇರೋ ಕಡೆ ರಕ್ತ ಗೋಡೆನ ಉಜ್ಜಿಕೊಂಡು ಓಡುತ್ತೆ, ಆ ಉಜ್ಜೋದೇ ಗೋಡೆಗೆ ಒಳ್ಳೇದು, ಕವಲಿನ ಈ ಮಗ್ಗುಲಲ್ಲಿ ಮಾತ್ರ ನಿಧಾನವಾಗಿ ಸುಳಿ ಸುತ್ತುತ್ತೆ, ಅಲ್ಲಿ ಗೋಡೆ ಕೆಡುತ್ತೆ, ಕೊಬ್ಬು ಕೂರುತ್ತೆ, ಬಿಪಿ, ಬೀಡಿ ಸೇರಿದ್ರೆ ಇನ್ನೂ ಬೇಗ, ಅದರದೇ ಒಂದು ಚೂರು ಕಿತ್ತು ಮೆದುಳಿಗೆ ಹೋಗಿರೋದು — ಗೊತ್ತು, ಗೊತ್ತು, ತೋಟದ ಕಾಲುವೆ ಎರಡಾಗುವ ಕಡೆ ಹಾಗೇ, ನೀರು ಓಡುವಲ್ಲಿ ಸಿಮೆಂಟು ಬೆಳ್ಳಗೆ, ಮಗ್ಗುಲಲ್ಲಿ ಪಾಚಿ, ಅಲ್ಲಿ ಸಿಕ್ಕಿಕೊಂಡ ಹಿಪ್ಪುನೇರಳೆ ಎಲೆ ಮುಂದೆ ಹೋಗದೆ, ಹಿಂದೆ ಬಾರದೆ, ಸುತ್ತುತ್ತ, ಸುತ್ತುತ್ತ.

ಆ ಕೊಬ್ಬು ತೆಗೆಯೋ ಆಪರೇಷನ್ ಮಾಡಿದ್ರೆ ಮಾತು ಬರುತ್ತಾ ಮೇಡಂ, ಅವಳ ದನಿ ಅಷ್ಟು ಸಣ್ಣದಾಗಿದ್ದನ್ನು ಅವನು ಯಾವತ್ತೂ ಕೇಳಿಯೇ ಇರಲಿಲ್ಲ, ಆಪರೇಷನ್ ಇನ್ನೊಂದು ಸಲ ಲಕ್ವ ಹೊಡೀದೇ ಇರ್ಲಿ ಅಂತ, ಮಾತು ನಿಧಾನವಾಗಿ ಬರಬಹುದು, ಎಷ್ಟು ಅಂತ ಹೇಳಕ್ಕಾಗಲ್ಲ, ತಡ ಮಾಡಬೇಡಿ, ಇವತ್ತೇ ಬೆಂಗಳೂರಿಗೆ ಹೊರಡಿ, ಇನ್ನೊಂದು ಸಲ, ದಾರಿಯಲ್ಲೇ ಹೊಡೆದರೆ, ದೇವನಹಳ್ಳಿ ದಾಟುವ ಮುಂಚೆ ಹೊಡೆದರೆ, ಈಗಲೇ ಹೇಳಿಬಿಡಬೇಕು, ಒಂದು ಸಲ, ಉಜ್ಜದ ಗೋಡೆ, ಕರೆಯದ ಹೆಸರು, ಹೆಸರೇ, ಎಲ್ಲಿ ಕೂತಿದ್ದೀಯೇ, ಹೊಸಿಲ ಹತ್ತಿರವಾ, ಅಕ್ಕಿ ಸೇರಿನ ಪಕ್ಕವಾ, ಇನ್ನೊಂದು ಸಲ ಪ್ರಯತ್ನ ಮಾಡಿ ಯಜಮಾನ್ರೇ, ಚೆನ್ನಾಗಿದ್ದಾಗಲೇ ಕರೆದೋರಲ್ಲ ಮೇಡಂ, ಈಗ ಕರೀತಾರಾ, ಹೇಳಿ, ಆದಿ, ಅಂತ ಅವಳೇ ಶುರು ಮಾಡಿಕೊಟ್ಟಳು, ನೀವು ಹೇಳ್ಕೊಡಬೇಡಿ ಅಮ್ಮ — ಆದಿ, ಹೌದು, ಅದೇ, ನಾಲಿಗೆ ಎತ್ತಿದ, ದವಡೆ ಒಂದು ಕಡೆಗೆ ಎಳೆಯಿತು, ಆ, ಆದಿ, ಅವನದೇ ದನಿ, ಮುಂದೆ, ಮುಂದಿನದು ಬಾ, ಆದಿ, ಆದಿ, ಜುಯ್, ಜುಯ್, ಆದಿ, ಅವಳು ಬಾಯಿಗೆ ಸೆರಗು ಒತ್ತಿಕೊಂಡಳು, ಸಾಕು ಬಿಡಿ, ಅರ್ಧ ಬಂತಲ್ಲ, ಇನ್ನರ್ಧ ಊರಿಗೆ ಹೋದಮೇಲೆ ಹೇಳೋರಂತೆ, ಅರ್ಧವಲ್ಲ ಕಣೇ, ಇನ್ನೂ ಇದೆ, ಇಲ್ಲೇ ಇದೆ, ಆದಿ, ಅವಳು ಅದೇ ಸೆರಗಿನಿಂದ ಕುತ್ತಿಗೆಯ ಅಂಟು ಒರೆಸುತ್ತ ಬಂದು ಕವಲಿನ ಮೇಲೆ ಬೆರಳು ನಿಲ್ಲಿಸಿದಳು, ಒಳಗೆ ಎಲೆ, ಹಸಿರು ಎಲೆ, ಸುತ್ತುತ್ತ, ಆದಿ, ಸುತ್ತುತ್ತ, ಆದಿ