ಬೆಟ್ಟದ ಹತ್ತಿರ ನಿಲ್ಲುವ ವಿಮಾನ

“ಮೌಳೀ, ಆ ಪ್ಲಗ್ಗಿಗೆ ಕೈ ಹಾಕ್ಬೇಡ!”

ಸರ್ವಮಂಗಳಾ ಗದರಿದ ರಭಸಕ್ಕೆ ಮೈದುನ ಚಂದ್ರಮೌಳಿ ಹಿಡಿದಿದ್ದ ವೈರನ್ನು ಕೆಳಗೇ ಬಿಟ್ಟುಬಿಟ್ಟ. ಅಳುತ್ತಿದ್ದವರೂ ಒಂದು ಗಳಿಗೆ ಅಳು ನಿಲ್ಲಿಸಿ ನೋಡಿದರು. ನಿನ್ನೆ ಸಂಜೆ ಗಂಡ ಹೋದಾಗಿನಿಂದ ತುಟಿ ಪಿಟಕ್ಕೆನ್ನದೆ ಗೋಡೆಗೊರಗಿ ಕೂತಿದ್ದ ಹೆಂಗಸು, ಬಾಯಿ ಬಿಟ್ಟದ್ದು ಒಂದು ಪ್ಲಗ್ಗಿಗಾಗಿ!

“ಭಜನೆಯೋರ ಮೈಕಿಗೆ ಕರೆಂಟ್ ಬೇಕಿತ್ತು ಅತ್ತಿಗೆ. ಅಣ್ಣನ ಕಂಪ್ಯೂಟರ್ ನಿನ್ನೆಯಿಂದ ಸುಮ್ನೆ ಉರೀತಾ ಇದೆಯಲ್ಲ.”

“ಉರೀಲಿ ಬುಡು. ಮೈಕಿಲ್ದೇನೂ ಶಿವನಿಗೆ ಕೇಳಿಸುತ್ತೆ.”

ಕಂಪ್ಯೂಟರಿನ ಮುಖಕ್ಕೆ ಯಾರೋ ಟವಲು ಹೊದಿಸಿದ್ದರು. ಅದರ ಹಿಂದೆ ಒಂದು ವಿಮಾನ ಆಕಾಶದಲ್ಲಿ ನಿಂತೇ ಇತ್ತು. ಅದು ಸರ್ವಮಂಗಳಾಳಿಗೆ ಮಾತ್ರ ಗೊತ್ತು.

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಹಗ್ಗ, ಗೋಣಿಚೀಲದ ಷಡಕ್ಷರಿ ಎಂದರೆ ಗೊತ್ತಿಲ್ಲದವರಿಲ್ಲ. ಮುಂದೆ ಅಂಗಡಿ, ಹಿಂದೆ ಮನೆ. ನಲವತ್ತೈದು ವರ್ಷ ಗೋಣಿಯ ಧೂಳು ಕುಡಿದು, ಆರು ವರ್ಷದ ಹಿಂದೆ ಅಂಗಡಿಯನ್ನು ತಮ್ಮನಿಗೆ ಬಿಟ್ಟು, ಕಂಪ್ಯೂಟರಿನಲ್ಲಿ ವಿಮಾನ ಹಾರಿಸಲು ಕೂತರು. ನಿಜವಾದ ವಿಮಾನ ಹತ್ತಿದವರಲ್ಲ. ಚಿಕ್ಕಂದಿನಲ್ಲೇ ಎಡಗಿವಿಯ ತಮಟೆ ತೂತಾಗಿತ್ತು. ಮೇಲಕ್ಕೆ ಹೋದರೆ ಕಿವಿ ಸಿಡಿಯುತ್ತದೆಂದು ಯಾವನೋ ಡಾಕ್ಟರು ಹೆದರಿಸಿದ್ದೇ ಹೆದರಿಸಿದ್ದು, ಆ ಹೆದರಿಕೆ ಎಪ್ಪತ್ತೊಂದನೇ ವಯಸ್ಸಿನವರೆಗೂ ಬಾಳಿತು.

ಈಗ ಅವರ ಪದ್ಧತಿಯಂತೆ ಅಂಗಡಿಯ ಜಗುಲಿಯಲ್ಲಿ ಅವರನ್ನು ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ, ಮಡಿಲಲ್ಲಿ ಬಿಲ್ವಪತ್ರೆ. ಮಠದ ಅಯ್ಯನವರು ಮಂತ್ರ ಹೇಳುತ್ತಿದ್ದರು. ಭಜನೆಯ ನಂಜಯ್ಯ ಒಳಕ್ಕೆ ಇಣುಕಿದರು.

“ಎದೆ ಹತ್ರ ಕಟ್ಟೋಕೆ ಒಂದು ಬಟ್ಟೆ ಕೊಡಿ ತಾಯಿ, ಮುಂದಕ್ಕೆ ವಾಲ್ತಾ ಇದಾರೆ.”

ಸರ್ವಮಂಗಳಾ ಎದ್ದು ಹೋಗಿ, ಕಂಪ್ಯೂಟರಿನ ಮುಂದಿದ್ದ ಕುರ್ಚಿಯಿಂದ ಗೋಣಿಪಟ್ಟಿಯೊಂದನ್ನು ಬಿಚ್ಚಿ ತಂದಳು.

“ಇದು ಅವರ ಬೆಲ್ಟು. ಇದು ಕಟ್ಕೊಳ್ದೆ ಅವರು ಯಾವತ್ತೂ ಹೊರಟೋರಲ್ಲ.”

ನಂಜಯ್ಯ ಪಟ್ಟಿಯನ್ನು ನೋಡಿ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. “ನಂಗೂ ಒಂದ್ಸಲ ಕಟ್ಟಿದ್ರು ಕಣಮ್ಮ. ಬೆಂಗಳೂರಿಂದ ಮೈಸೂರಿಗೆ ಕೂತಲ್ಲೇ ಬಂದ್ಬುಟ್ಟೆ. ಟಿಕೆಟ್ಟೂ ಇಲ್ಲ, ಟ್ರಾಫಿಕ್ಕೂ ಇಲ್ಲ!”

ನಾಲ್ಕು ಜನ ನಕ್ಕರು. ಗೋಕುಲಂನಿಂದ ಬಂದಿದ್ದ ಮಗಳು ಅಕ್ಷತಾ ಅಮ್ಮನ ಭುಜಕ್ಕೆ ತಲೆಯಿಟ್ಟು, “ಕಂಪ್ಯೂಟರಿಗೆ ಆ ಹೊಸ ಕಾರ್ಡೊಂದು ಹಾಕಿಸ್ಬುಡ್ಬೇಕಿತ್ತು ಕಣಮ್ಮ. ಎಂಟು ತಿಂಗಳಿಂದ ಅಪ್ಪಂಗೆ ಅದೇ ಜಪ ಆಗಿತ್ತು,” ಎಂದಳು.

ಮಗಳು ಕೊಂಕಿಗೆ ಹೇಳಿದ್ದಲ್ಲ. ಆದರೆ ಆ ಮಾತು ನಾಟಬೇಕಾದ ಕಡೆಯೇ ನಾಟಿತು.

*

ಷಡಕ್ಷರಿಯವರ ವಿಮಾನ ದಿನಾ ನಾಲ್ಕು ಗಂಟೆಗೆ ಬೆಂಗಳೂರಿನಿಂದ ಹೊರಡುತ್ತಿತ್ತು. ಭೂಮಿಯ ಮೇಲಿನ ನಿಲ್ದಾಣಗಳೆಲ್ಲ ಆ ಡಬ್ಬದೊಳಗಿದ್ದವು. ಪುಣ್ಯಾತ್ಮ ಮೈಸೂರು ಬಿಟ್ಟು ಬೇರೆಲ್ಲೂ ಇಳಿದವರಲ್ಲ. “ಪ್ಯಾರಿಸ್‌ಗೆ ಹೋಗ್ಬನ್ರೀ” ಎಂದರೆ, “ಅಲ್ಲಿ ನಮ್ಮೋರು ಯಾರಿದಾರೆ?” ಎನ್ನುತ್ತಿದ್ದರು.

ಪಕ್ಕದ ಸ್ಟೂಲು ಸರ್ವಮಂಗಳಾಳದು. ಅವಳಿಗೆ ಎರಡೇ ಕೆಲಸ. ಅವರು ಬರೆದುಕೊಟ್ಟ ಚೀಟಿ ನೋಡಿ “ಚಕ್ರ ಇಳಿಸಿದ್ರಾ? ದೀಪ ಹಾಕಿದ್ರಾ?” ಎಂದು ಕೇಳುವುದು ಒಂದು. ಯಾರಾದರೂ ಬಾಗಿಲು ತಟ್ಟಿ, ಅವರು “ನಿಲ್ಸು” ಎಂದರೆ ‘ಪಿ’ ಅಕ್ಷರ ಒತ್ತಿ ವಿಮಾನವನ್ನು ಇದ್ದಲ್ಲೇ ನಿಲ್ಲಿಸುವುದು ಇನ್ನೊಂದು.

ಆದರೆ ಮೈಸೂರಿನ ಮಂಡಕಳ್ಳಿ ನಿಲ್ದಾಣದ ಹತ್ತಿರ ಬಂದರೆ ಯಾರೂ ನಿಲ್ಲಿಸಬೇಕಾಗಿರಲಿಲ್ಲ. ಎಡಗಡೆ ಚಾಮುಂಡಿ ಬೆಟ್ಟ ಕಂಡಾಗ ಒಮ್ಮೆ, ಎದುರಿಗೆ ರನ್‌ವೇ ಕಂಡಾಗ ಇನ್ನೊಮ್ಮೆ, ಚಿತ್ರ ತಾನಾಗಿಯೇ ಗಕ್ಕನೆ ನಿಲ್ಲುತ್ತಿತ್ತು. ಊರಿನ ಮನೆ, ಮರ, ರಸ್ತೆಗಳನ್ನೆಲ್ಲ ಒಟ್ಟಿಗೆ ಬಿಡಿಸುವ ತ್ರಾಣ ಆ ಹಳೇ ಗ್ರಾಫಿಕ್ಸ್ ಕಾರ್ಡಿಗಿರಲಿಲ್ಲ. ಎರಡು ನಿಮಿಷ, ಮೂರು ನಿಮಿಷ ಉಸ್ಸೆಂದು ಕೂತುಬಿಡುತ್ತಿತ್ತು. ಅಷ್ಟರಲ್ಲಿ ಸರ್ವಮಂಗಳಾ ಎರಡು ಲೋಟ ಕಾಫಿ ತರುವಳು. ಮಗಳ ವಿಷಯ, ಬೀದಿಯ ವಿಷಯ, ಮೊಣಕಾಲು ನೋವಿನ ವಿಷಯ ಎಲ್ಲ ಆಗಲೇ ಆಗಬೇಕು. ವಿಮಾನ ಮತ್ತೆ ಹೊರಟರೆ ಅವರ ಕಿವಿ ಇವಳಿಗಿಲ್ಲ.

“ಹೊಸ ಕಾರ್ಡು ಹಾಕಿದ್ರೆ ಬೆಣ್ಣೇಲಿ ಕೂದಲು ತೆಗೆದಂಗೆ ಇಳಿಯುತ್ತಂತೆ ಮಂಗಳಾ.”

“ಹಾಕಿಸ್ಕೊಳ್ಳಿ.”

“ಅದಕ್ಕೆ ಪವರ್ ಸಪ್ಲೈ ಬದಲಾಯಿಸ್ಬೇಕಂತೆ. ಡಬ್ಬಾನೂ ಸಾಲದಂತೆ.”

“ಎಲ್ಲಾ ಬದಲಾಯಿಸಿ. ಕೊನೇಗೆ ನನ್ನನ್ನೂ.”

ಹೀಗೇ ಎಂಟು ತಿಂಗಳು. ಬೇಕು ಎಂದು ಸೋಮವಾರ, ಬೇಡ ಎಂದು ಮಂಗಳವಾರ. ಹೆಣ್ಣು ನೋಡುವಾಗಲೂ ಆಸಾಮಿ ಇಷ್ಟು ಯೋಚಿಸಿರಲಿಲ್ಲ. ಹದಿನೈದು ದಿನದ ಕೆಳಗೆ, ಒಗ್ಗರಣೆ ಸೀದ ಸಿಟ್ಟಿನಲ್ಲಿ ಅವಳು ಅಂದುಬಿಟ್ಟಳು: “ಇನ್ನೆಷ್ಟು ದಿನ ಹಾರಿಸ್ತೀರಿ ಅಂತ ಹೊಸ ಕಾರ್ಡು? ಸುಮ್ನಿರಿ ಅತ್ಲಾಗೆ.”

ಅವರು ನಕ್ಕು, “ಅದೂ ನಿಜಾನೇ,” ಎಂದರು. ಆಮೇಲೆ ಕಾರ್ಡಿನ ಸುದ್ದಿ ಎತ್ತಲೇ ಇಲ್ಲ.

*

“ಅಮ್ಮ, ಹೊರಡ್ತಾರಂತೆ. ಬಂದು ನೋಡ್ಕೊಮ್ಮ.”

ಗೋಣಿಪಟ್ಟಿ ಕಟ್ಟಿಕೊಂಡು ನೆಟ್ಟಗೆ ಕೂತಿದ್ದ ಗಂಡನನ್ನು ಸರ್ವಮಂಗಳಾ ನೋಡಿದಳು. ಕಾಲು ಮುಟ್ಟಿ ನಮಸ್ಕರಿಸಿದಳು. ಇನ್ನೆಷ್ಟು ದಿನ ಅಂದೆನಲ್ಲ! ನಾಲಿಗೆಯ ಮೇಲೆ ಯಾವ ಶನಿ ಕೂತಿತ್ತೋ! ಒಂದೇ ಒಂದು ಆಸೆ ಇಟ್ಟುಕೊಂಡಿದ್ದ ಮನುಷ್ಯ, ನನ್ನ ಮಾತಿಗೆ ಅದನ್ನೂ ನುಂಗಿಕೊಂಡು ಹೋದರಲ್ಲ ಎಂದುಕೊಂಡಳು. ಅಳು ಮಾತ್ರ ಬರಲಿಲ್ಲ. ನೆರೆಮನೆಯ ದಾಕ್ಷಾಯಣಮ್ಮ, “ಅತ್ಬುಡಿ ಮಂಗಳಮ್ಮ, ಒಳಗೇ ಇಟ್ಕೋಬೇಡಿ,” ಎಂದು ಬೆನ್ನು ಸವರಿದರು. ಎಲ್ಲರೂ ರುದ್ರಭೂಮಿಯ ಕಡೆ ಹೊರಟರು. ಬೀದಿಯ ತಿರುವಿನಲ್ಲಿ ಅವರ ಪೇಟ ಮರೆಯಾಗುವ ತನಕ ಅವಳು ಜಗುಲಿಯಲ್ಲೇ ನಿಂತಿದ್ದಳು.

*

ನಿನ್ನೆಯೂ ಬೆಟ್ಟ ಕಂಡಿತ್ತು, ಚಿತ್ರ ನಿಂತಿತ್ತು. ಅವಳು ಕಾಫಿ ತಂದು ಅವರ ಲೋಟವನ್ನು ಮೇಜಿನ ಮೇಲಿಟ್ಟು, ಎದುರುಮನೆಯ ಪಂಕಜಾ ಭಾರೀ ಹಲಸಿನಹಣ್ಣೊಂದನ್ನು ಆಟೋಕ್ಕೆ ಹತ್ತಿಸಲು ಹೋಗಿ ಡ್ರೈವರ್ ಹತ್ತಿರ ಜಗಳವಾಡಿದ ಕತೆ ಶುರುಮಾಡಿದಳು. ಅವರು ‘ಹೂಂ’ ಎಂದರು. ಇನ್ನೊಮ್ಮೆ ‘ಹೂಂ’ ಎಂದರು. ಮೂರನೆಯ ‘ಹೂಂ’ ಬರಲಿಲ್ಲ. ಅಷ್ಟರಲ್ಲಿ ಚಿತ್ರ ಕದಲಿತು, ವಿಮಾನ ಹೊರಟಿತು, ಅವರು ಕದಲಲಿಲ್ಲ. ಹಿಡಿಯುವವರಿಲ್ಲದ ವಿಮಾನ ಮೂತಿ ಬಗ್ಗಿಸಿ ಕೆಳಗಿಳಿಯತೊಡಗಿತು.

ಸರ್ವಮಂಗಳಾ ಮೊದಲು ‘ಪಿ’ ಒತ್ತಿದಳು. ಆಮೇಲೆ ಕಿರುಚಿದಳು.

*

ಮಣ್ಣು ಮಾಡಿ ಬಂದವರು ದೀಪ ನೋಡಿ ಒಬ್ಬೊಬ್ಬರಾಗಿ ಹೊರಟರು. ಕೊನೆಯಲ್ಲಿ ಉಳಿದವನು ನಿರಂಜನ್, ಹಿಂದಿನ ಬೀದಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು. ದೀಪಕ್ಕೆ ಕೈಮುಗಿದು ಅವಳ ಎದುರು ನೆಲದ ಮೇಲೆ ಕೂತ.

“ಅಮ್ಮ, ಒಂದು ಮಾತು. ನಿಮಗೆ ಹೇಳ್ಬೇಡ ಅಂದಿದ್ರು ಸಾರು. ಹೋದ್ವಾರ ನೀವು ನಂಜನಗೂಡಿಗೆ ಹೋಗಿದ್ರಲ್ಲ, ಆಗ ಹೊಸ ಕಾರ್ಡು, ಪವರ್ ಸಪ್ಲೈ ಎಲ್ಲಾ ತಂದು, ಡಬ್ಬಾ ತೆರೆದೇ ಇಟ್ಟು ಹಾಕ್ಕೊಟ್ಟಿದ್ದೆ. ಒಂದಿನ ನೋಡಿ, ಹಿಡಿಸಿದ್ರೆ ಇಟ್ಕೊಳ್ಳಿ ಅಂತ.”

ಸರ್ವಮಂಗಳಾ ತಲೆಯೆತ್ತಿದಳು. “ನೋಡಿದ್ರಾ? ಹೆಂಗಿತ್ತಂತೆ?”

“ಬೆಟ್ಟದ ಮೆಟ್ಲು ಎಣಿಸ್ಬಹುದಿತ್ತಮ್ಮ! ಒಂದ್ಕಡೆ ನಿಲ್ಲಲಿಲ್ಲ, ಸರಾಗವಾಗಿ ಇಳೀತು. ಚಿಕ್ಕ ಹುಡುಗನ ಥರ ಚಪ್ಪಾಳೆ ತಟ್ಟಿದ್ರು. ಮಾರನೇ ಬೆಳಿಗ್ಗೆ ನೋಡಿದ್ರೆ ಫೋನು. ‘ಬಂದು ಬಿಚ್ಕೊಂಡ್ಹೋಗಪ್ಪ, ಹಳೇದೇ ಹಾಕು.’ ಯಾಕ್ಸಾರ್, ಕೆಟ್ಟೋಯ್ತಾ ಅಂದೆ. ‘ಕೆಟ್ಟಿಲ್ಲ ಕಣಯ್ಯ, ಅದು ಎಲ್ಲೂ ನಿಲ್ಲೋದೇ ಇಲ್ವಲ್ಲ. ನಮ್ಮೋಳು ಕಾಫಿ ಯಾವಾಗ ತರ್ಬೇಕು?’ ಅಂದ್ರು.”

ಅವಳು ಸೆರಗನ್ನು ಬಾಯಿಗೊತ್ತಿಕೊಂಡಳು. ನಿನ್ನೆಯಿಂದ ಕಟ್ಟಿಕೊಂಡಿದ್ದದ್ದೆಲ್ಲ ಒಡೆದುಹೋಯಿತು. “ಅಯ್ಯೋ ನನ್ನಪ್ಪಾ, ಎಂಥಾ ಕಳ್ಳರಪ್ಪಾ ಇವರು!” ಎಂದು ಅತ್ತಳು, ಅಳುವಿನ ನಡುವೆ ನಕ್ಕಳು, ಮತ್ತೆ ಅತ್ತಳು. ಅಕ್ಷತಾ ಓಡಿಬಂದವಳು ಅಮ್ಮನ ಮುಖ ನೋಡಿ ಬಾಗಿಲಲ್ಲೇ ನಿಂತಳು.

ಕಣ್ಣೊರೆಸಿಕೊಂಡು ಸರ್ವಮಂಗಳಾ ಎದ್ದಳು. ಕಂಪ್ಯೂಟರಿನ ಮೇಲಿನ ಟವಲು ತೆಗೆದಳು.

“ನಿಂಗೆ ಇಳಿಸೋಕೆ ಬರುತ್ತೇನಪ್ಪ?”

“ಬರುತ್ತಮ್ಮ.”

“ಕೂತ್ಕೋ ಹಾಗಾದ್ರೆ. ಎಷ್ಟೊತ್ತು ಅಂತ ಮೇಲೇ ಇರ್ತಾರೆ.”

ಅವನು ಕುರ್ಚಿಯ ತುದಿಯಲ್ಲಿ ಕೂತ. ಅವಳು ಸ್ಟೂಲಿನಲ್ಲಿ ಕೂತು ಮತ್ತೆ ‘ಪಿ’ ಒತ್ತಿದಳು. ವಿಮಾನ ತಡವರಿಸಿ ಮೂತಿಯೆತ್ತಿತು. ಬೆಟ್ಟ ನಿಧಾನವಾಗಿ ಹಿಂದಕ್ಕೆ ಸರಿಯಿತು. “ಚಕ್ರ ಇಳಿಸಿದ್ಯಾ? ದೀಪ ಹಾಕಿದ್ಯಾ?” ಎಂದು ಚೀಟಿ ನೋಡಿ ಕೇಳಿದಳು. ಎದುರಿಗೆ ರನ್‌ವೇ ಕಂಡಿತು, ಚಿತ್ರ ಗಕ್ಕನೆ ನಿಂತಿತು. ನಿರಂಜನ್ ಏನೋ ಒತ್ತಲು ಕೈ ಚಾಚಿದ.

“ಏನೂ ಮಾಡ್ಬೇಡ ಮಗ. ತಾನಾಗೇ ಹೊರಡುತ್ತೆ.”

ದಾಕ್ಷಾಯಣಮ್ಮ ಬಿಟ್ಟುಹೋಗಿದ್ದ ಫ್ಲಾಸ್ಕಿನಿಂದ ಮೂರು ಲೋಟಕ್ಕೆ ಕಾಫಿ ಬಗ್ಗಿಸಿದಳು. ಒಂದನ್ನು ಅವನಿಗೆ ಕೊಟ್ಟು, ಒಂದನ್ನು ತಾನು ಹಿಡಿದು, ಇನ್ನೊಂದನ್ನು ಮೇಜಿನ ಮೇಲೆ, ಆರು ವರ್ಷದಿಂದ ಲೋಟದ ತಳ ಮೂಡಿಸಿದ್ದ ಕಂದು ಉಂಗುರದೊಳಗೆ ಸರಿಯಾಗಿ ಇಟ್ಟಳು. ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡಳು.

“ಆಮೇಲೆ ಆ ಹಲಸಿನಹಣ್ಣು ಏನಾಯ್ತು ಗೊತ್ತೇನ್ರೀ?”