ಕೆಂಪು ವೈರಿನ ತುಂಡು

ಹಿರೇಹಳ್ಳಿಯ ಆ ವರ್ಕ್‌ಶಾಪಿನಲ್ಲಿ ಸ್ಟೆಬಿಲೈಜರ್ ಮಾಡುವವರು ಹನ್ನೆರಡು ಜನ ಇದ್ದರೂ ತಯಾರಾದ ಡಬ್ಬವನ್ನು ಪರೀಕ್ಷಿಸುವ ಬೆಂಚಿಗೆ ಹನುಮಂತರಾಜು ಒಬ್ಬನೇ ದೊರೆ. ಎಸ್ಸೆಲ್ಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದವನು ಇಪ್ಪತ್ತಾರಕ್ಕೇ ಟೆಸ್ಟರ್ ಆದರೆ ಕೊಂಚ ಬೀಗುವುದು ಸಹಜ. ಬೀಗಲಿ ಬಿಡಿ, ಯಾರು ಬೇಡವೆಂದರು? ಆದರೆ ಬೀಗುವವನಿಗೆ ಸಂಜೆ ಮೊಳೆ ಎಣಿಸುವ ಬುದ್ಧಿಯೂ ಇರಬೇಕಿತ್ತು.

ಮೊಳೆಯ ಸಂಗತಿ ಇಷ್ಟೆ. ಮನೆಗೆ ಬರುವ ಕರೆಂಟು ಡಲ್ಲಾದರೆ ಸ್ಟೆಬಿಲೈಜರ್ ಅದನ್ನು ಏರಿಸಿ ಕೊಡುತ್ತದೆ. ಮಿತಿಮೀರಿ ಬಂದರೆ ಟಕ್ ಎಂದು ಕಡಿದುಹಾಕುತ್ತದೆ. ಬೆಂಚಿನ ಮೇಲೆ ಹೆಚ್ಚು ವೋಲ್ಟೇಜು ಕೊಟ್ಟಾಗಲೆಲ್ಲ ಅದು ಹೀಗೆ ಕಡಿಯುತ್ತಿದ್ದರೆ ಮಿಕ್ಕಿದ್ದನ್ನು ಪರೀಕ್ಷಿಸಲು ಆಗುವುದಿಲ್ಲ. ಅದಕ್ಕೇ ಗೇಣುದ್ದದ ಕೆಂಪು ವೈರೊಂದನ್ನು ಒಳಗೆ ಸಿಕ್ಕಿಸಿ, ಕಡಿಯುವ ಭಾಗವನ್ನು ಸುಮ್ಮನಾಗಿಸುತ್ತಾರೆ. ಕೆಲಸ ಮುಗಿದ ಮೇಲೆ ವೈರನ್ನು ಕಿತ್ತು ಗೋಡೆಯ ಮೊಳೆಗೆ ನೇತುಹಾಕಿ, ಆಮೇಲೆ ಮುಚ್ಚಳ ಬಿಗಿಯಬೇಕು. ಆರು ಮೊಳೆ, ಆರು ವೈರು. ಒಂದು ಮೊಳೆ ಖಾಲಿ ಇದ್ದರೆ ಯಾವುದೋ ಡಬ್ಬದೊಳಗೆ ವೈರು ಉಳಿದಿದೆ ಎಂದು ಅರ್ಥ.

ತೊಂಬತ್ತೇಳರ ಯುಗಾದಿಗೆ ಅವನು ಗುಬ್ಬಿಯಲ್ಲಿದ್ದ ಅಕ್ಕ ಶಶಿರೇಖಾಳಿಗೆಂದು ಒಂದು ಸ್ಟೆಬಿಲೈಜರ್ ಮಾಡಿದ. ಅವಳ ಮನೆಗೆ ಹೊಸ ಫ್ರಿಜ್ ಬಂದಿತ್ತು, ಆ ಬೀದಿಗೇ ಮೊದಲನೆಯದು. ತೋಟಗಳ ಪಂಪ್‌ಸೆಟ್ಟು ಶುರುವಾದರೆ ಅಲ್ಲಿ ಬಲ್ಬಿನೊಳಗಿನ ತಂತಿಯನ್ನು ಎಣಿಸಬಹುದಿತ್ತು, ಅಷ್ಟು ಡಲ್ಲು. ಹಬ್ಬದ ಹಿಂದಿನ ದಿನ ನಾಲ್ಕು ಗಂಟೆಯ ಬಸ್ಸು ತಪ್ಪೀತೆಂದು ರಾಜು ಗಡಿಬಿಡಿಯಲ್ಲಿ ಮುಚ್ಚಳ ಬಿಗಿದು ಓಡಿದ. ಹಬ್ಬ ಮುಗಿಸಿ ಬಂದು ನೋಡಿದರೆ ಆರನೇ ಮೊಳೆ ಖಾಲಿ. ಯಾರೋ ತೆಗೆದುಕೊಂಡಿರಬೇಕು ಎಂದು ಇನ್ನೊಂದು ವೈರು ಕತ್ತರಿಸಿ ನೇತುಹಾಕಿದ.

ಅವನ ಭಾವ ಕಾಂತೇಶ್ ಹೈಸ್ಕೂಲು ಮೇಷ್ಟ್ರು. ಭಾಮೈದನನ್ನು ಕಂಡಾಗಲೆಲ್ಲ "ಏನ್ಲಾ, ಲೆಕ್ಕದಲ್ಲಿ ಹನ್ನೊಂದು!" ಎಂದೇ ಮಾತಾಡಿಸುತ್ತಿದ್ದವರು, ಹಬ್ಬದ ದಿನ ನೆಂಟರ ಎದುರಿಗೆ ಸ್ಟೆಬಿಲೈಜರಿನ ಮೇಲೆ ಕೈಯಿಟ್ಟು, "ಪರವಾಗಿಲ್ಲ ಕಣಯ್ಯ, ಕೈಯಲ್ಲಿ ವಿದ್ಯೆ ಐತೆ" ಅಂದರು. ಆ ಒಂದು ಮಾತಿಗೆ ರಾಜು ಎಷ್ಟು ವರ್ಷದಿಂದ ಕಾದಿದ್ದನೋ! ಅಕ್ಕನ ಮುಖವಂತೂ ಅರಳಿಹೋಗಿತ್ತು. ಮಧ್ಯಾಹ್ನವಾದರೆ ಬೀದಿಯ ಮಕ್ಕಳು ಲೋಟ ಹಿಡಿದು ಬರುವುದು, ಅವಳು "ನಮ್ ರಾಜು ಮಾಡ್ಕೊಟ್ಟಿರೋದು" ಎಂದು ಡಬ್ಬ ತೋರಿಸಿ ಐಸ್ ಹಂಚುವುದು, ಇದೇ ನಡೆಯಿತು.

ಮೇ ತಿಂಗಳ ಒಂದು ಮಂಗಳವಾರ ಬಿರುಗಾಳಿಗೆ ಕೊಂಬೆ ಮುರಿದು ಕಂಬದ ತಂತಿಯ ಮೇಲೆ ಬಿತ್ತು. ಕರೆಂಟು ಒಮ್ಮೆಲೇ ಏರಿ ನುಗ್ಗಿ ಬೀದಿಯ ಬಲ್ಬುಗಳೆಲ್ಲ ಒಡೆದವು. ಶಶಿರೇಖಾಳ ಫ್ರಿಜ್ಜಿನ ಹಿಂದಿನಿಂದ ಹೊಗೆ ಎದ್ದಿತು. ಭಾವ ಓಡಿಬಂದು ಸಿಕ್ಕ ಸಿಕ್ಕ ಪ್ಲಗ್ಗುಗಳನ್ನೆಲ್ಲ ಕಿತ್ತುಹಾಕಿದರು.

ಮರುದಿನ ರಾಜು ಬಂದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ. "ಬಲ್ಬ್ ಹೋಗ್ಲಿ ಬುಡು. ಸ್ಟೆಬಿಲೈಜರ್ ಇಟ್ಕೊಂಡೂ ಫ್ರಿಜ್ ಹೆಂಗಯ್ಯಾ ಸುಟ್ಟೋಯ್ತು?"

ರಾಜು ಡಬ್ಬವನ್ನು ಗೋಡೆಯ ಕಡೆ ತಿರುಗಿಸಿಕೊಂಡು ಮುಚ್ಚಳ ಬಿಚ್ಚಿದ. ಒಳಗೆ ಕೆಂಪು ವೈರು ಸಿಕ್ಕಿಸಿದಲ್ಲೇ ಇತ್ತು. ಬೆನ್ನ ಹಿಂದೆ ಭಾವ ನಿಂತಿದ್ದರು. ವೈರನ್ನು ಕಿತ್ತು ಅಂಗೈಯಲ್ಲಿ ಮುದುಡಿ ಜೇಬಿಗೆ ಹಾಕಿಕೊಂಡ.

"ಡಬ್ಬ ಸರಿಯಾಗೈತೆ ಭಾವ," ಅಂದ. ಆಮೇಲೆ ಅಕ್ಕನ ಕಡೆ ತಿರುಗಿದ. "ಅಕ್ಕ, ನಿನ್ನೆ ಮಂಗಳವಾರ ಅಲ್ವಾ? ನೆಲ ಒರೆಸುವಾಗ ಫ್ರಿಜ್ ಪ್ಲಗ್ ಕಿತ್ತಿದೀಯ. ತಿರ್ಗ ಹಾಕುವಾಗ ಇದಕ್ಕೆ ಹಾಕದೆ ಸೀದಾ ಗೋಡೆಗೇ ಹಾಕಿರ್ಬೇಕು."

"ಇಲ್ಲ ಕಣೋ, ಇದಕ್ಕೇ ಹಾಕಿದ್ದೆ."

"ಗ್ಯಾರಂಟಿನಾ?"

ಇದೊಂದನ್ನು ಅವನು ಕೇಳಬಾರದಿತ್ತು. ಅಕ್ಕ ಸೆರಗಿನ ತುದಿ ಹಿಡಿದುಕೊಂಡು ಯೋಚಿಸಿದಳು. "ಹಾಕಿದ್ದೆ ಅನ್ಸತ್ತೆ ಕಣೋ..."

"ಅನ್ಸತ್ತಂತೆ!" ಭಾವ ಸಿಡುಕಿದರು. "ಇನ್ಮ್ಯಾಲೆ ಈ ಮನೇಲಿ ನೀನು ಯಾವ ಸ್ವಿಚ್ಚೂ ಮುಟ್ಟಬ್ಯಾಡ ಕಣೇ."

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ರಾಜು ಅಲ್ಲೇ ಜೇಬಿಗೆ ಕೈ ಹಾಕಬಹುದಿತ್ತು. ಭಾವ ನಾಲ್ಕು ಬೈದು ಸುಮ್ಮನಾಗುತ್ತಿದ್ದರು, ಹೆಚ್ಚೆಂದರೆ ಮತ್ತೆ 'ಲೆಕ್ಕದಲ್ಲಿ ಹನ್ನೊಂದು' ಆಗುತ್ತಿದ್ದ, ಅಷ್ಟೇ ತಾನೆ? ಅದಕ್ಕೆ ಹೆದರಿ ಹೆತ್ತ ತಾಯಿಯಂತೆ ಸಾಕಿದ ಅಕ್ಕನನ್ನು ಮುಂದೆ ಮಾಡಿದ. ಪುಕ್ಕಲ!

ಫ್ರಿಜ್ ರಿಪೇರಿಯಾಗಿ ಬಂತು. ಆದರೆ ಶಶಿರೇಖಾ ಅದರ ಪ್ಲಗ್ ಮುಟ್ಟಲಿಲ್ಲ. ಮಿಕ್ಸಿಯನ್ನೂ ಮುಟ್ಟಲಿಲ್ಲ. ಗಂಡ ಸ್ಕೂಲಿನಿಂದ ಬರುವವರೆಗೆ ಕಾಯುತ್ತಿದ್ದಳು, ಕಾಯಲಾಗದ ದಿನ ಒರಳುಕಲ್ಲಿನಲ್ಲಿ ರುಬ್ಬುತ್ತಿದ್ದಳು. ರಾಜು ದೀಪಾವಳಿಗೆ ಹೇಳುತ್ತೇನೆಂದುಕೊಂಡ, ಹಬ್ಬದೂಟ ಕೆಡುತ್ತದೆಂದು ಬಿಟ್ಟ. ಸಂಕ್ರಾಂತಿಗೆ ಎಂದುಕೊಂಡ, ಆಗ ಅಕ್ಕ ಬಸುರಿ. ಹೀಗೆ ನೆವಕ್ಕೇನು ಬರ? ಅವನಿಗೆ ಮದುವೆಯಾಯಿತು, ಬೇರೆ ಮನೆ ಮಾಡಿದ. ವರ್ಕ್‌ಶಾಪಿನಲ್ಲಿ ಈಗ ಸಂಜೆಗೆರಡು ಸಲ ಮೊಳೆ ಎಣಿಸುತ್ತಿದ್ದ. ಕೆಂಪು ವೈರು ಮಾತ್ರ ಅವನ ಪರ್ಸಿನಲ್ಲೇ ಇತ್ತು.

ಹನ್ನೊಂದು ವರ್ಷ ಕಳೆದ ಮೇಲೆ ಒಂದು ಭಾನುವಾರ ಗುಬ್ಬಿಗೆ ಹೋದ. ಊಟದ ಹೊತ್ತು. ಅಕ್ಕ ಯಾವುದೋ ಯೋಚನೆಯಲ್ಲಿ ಮಿಕ್ಸಿಯ ಸ್ವಿಚ್ಚಿಗೆ ಕೈ ಚಾಚಿದಳು. ಅವಳ ಹತ್ತು ವರ್ಷದ ಮಗಳು ಪೂಜಾ ಓಡಿಬಂದಳು.

"ಅಮ್ಮ, ನೀನ್ ಮುಟ್ಟಬೇಡ! ಸುಟ್ಟಾಕ್ಬುಡ್ತೀಯ!"

ಅಕ್ಕ ನಕ್ಕಳು. ನಕ್ಕು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಹಿಂದೆ ಸರಿದಳು. ಆ ಫ್ರಿಜ್ ಸುಟ್ಟಾಗ ಹುಟ್ಟೇ ಇರದ ಕೂಸು ಕೂಡ ಅಮ್ಮನಿಗೆ ಬುದ್ಧಿ ಹೇಳುತ್ತಿತ್ತು.

ಅವನು ಪರ್ಸಿನಿಂದ ವೈರನ್ನು ತೆಗೆದು ಭಾವನ ಮುಂದಿಟ್ಟ. ಬಸ್ಸು, ಮೊಳೆ, ಮುಚ್ಚಳ ಎಲ್ಲವನ್ನೂ ಹೇಳಿದ. "ಅಕ್ಕಂದೇನೂ ತಪ್ಪಿಲ್ಲ ಭಾವ. ಸುಟ್ಟಿದ್ದು ನಾನು," ಅಂದ.

ಭಾವ ವೈರನ್ನು ಎತ್ತಿ ತಿರುಗಿಸಿ ನೋಡಿದರು. ಆಮೇಲೆ ಜೋರಾಗಿ ನಕ್ಕುಬಿಟ್ಟರು. "ನೋಡೇ, ನಿನ್ ತಪ್ಪನ್ನ ತನ್ ತಲೆ ಮ್ಯಾಲೆ ಹೊತ್ಕಳಕ್ಕೆ ಬಂದವ್ನೆ ನಿನ್ ತಮ್ಮ. ವೈರ್ ಬೇರೆ ತಂದವ್ನೆ!"

"ಅವ್ವನಾಣೆಗೂ..." ಎಂದ ರಾಜುವಿನ ಬಾಯನ್ನು ಅಕ್ಕ ಕೈಯಿಂದ ಮುಚ್ಚಿದಳು. ಅವಳ ಕಣ್ಣು ತುಂಬಿತ್ತು, ಹೆಮ್ಮೆಯಿಂದ.

"ನನಗೋಸ್ಕರ ಸುಳ್ಳು ಆಣೆ ಇಡಬ್ಯಾಡ ಕಣೋ. ನನಗೆ ಚೆನ್ನಾಗಿ ನೆನಪೈತೆ. ಅವತ್ತು ಮಂಗಳವಾರ. ನೆಲ ಒರೆಸಿ, ಇದೇ ಕೈಯಲ್ಲಿ ಪ್ಲಗ್ ಹಿಡ್ಕೊಂಡು ಗೋಡೆಗೇ ಹಾಕ್ದೆ."

ಅವಳು ಬಲಗೈ ಚಾಚಿ ತೋರಿಸಿದಳು. ನಡೆಯದೇ ಇದ್ದದ್ದನ್ನು ಅವಳು ಕಂಡಂತೆಯೇ ಹೇಳುತ್ತಿದ್ದಳು. ಅದನ್ನು ಅವಳ ತಲೆಗೆ ತುಂಬಿದವನು ತಾನೇ. ಈಗ ಕಿತ್ತು ತೆಗೆಯಲು ಹೋದರೆ ಬರುತ್ತಿಲ್ಲ.

"ಬಾ," ಅಂದಳು ಅಕ್ಕ, ಅವನ ಬೆನ್ನು ಸವರುತ್ತ. "ಕಾಯಿ ರುಬ್ಬಬೇಕು, ಸ್ವಿಚ್ ಹಾಕ್ಕೊಡು."

ರಾಜು ಎದ್ದು ಹೋಗಿ ಸ್ವಿಚ್ ಹಾಕಿದ. ಮಿಕ್ಸಿ ನಿಲ್ಲುವವರೆಗೂ ಅವಳು ಒಂದು ಮಾರು ದೂರದಲ್ಲಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ನಿಂತಿದ್ದಳು.