ದೊನ್ ಅನಾಕ್ಲೇತೊ ಹೊಗಳಿದರೆ

ಊರೆಲ್ಲ ಗೌರವದಿಂದ ದೊನ್ ಎಂದು ಕರೆಯುತ್ತಿದ್ದ ಅನಾಕ್ಲೇತೊ ರಿಹೊ ಆಗಸ್ಟ್ ತಿಂಗಳ ಉರಿಯಲ್ಲಿ ಜಾಕೆಟ್ ತೊಟ್ಟು, ಕತ್ತಿನ ತನಕ ಗುಂಡಿ ಹಾಕಿಕೊಂಡು ಓಡಾಡುತ್ತಿದ್ದರು. ಅಕ್ಟೋಬರಿನಲ್ಲಿ ಆಟದ ಋತು ಶುರುವಾಗಿ ಕಡಲ ಗಾಳಿ ತುಸುವಾದರೂ ತಣ್ಣಗಾಗುವ ಸೂಚನೆ ಕಂಡೊಡನೆ ಅದನ್ನು ಬಿಚ್ಚಿ ಪೆಟ್ಟಿಗೆಗೆ ಸೇರಿಸುತ್ತಿದ್ದರು. ಅದು ನಮ್ಮ ಪುಯೆರ್ತೊ ಬಾಲ್ಸಾದ ಬೇಸ್‌ಬಾಲ್ ತಂಡವಾದ ಪೆಲಿಕಾನೋಸ್‌ನ ನೀಲಿ ಜಾಕೆಟ್. ಎದೆಯ ಮೇಲಿನ ಪೆಲಿಕನ್ ಹಕ್ಕಿಯ ಕೊಕ್ಕು ಒಗೆದೊಗೆದು ಅಳಿಸಿಹೋಗಿ, ಈಗ ಅಲ್ಲಿ ಉಳಿದಿದ್ದದ್ದು ಮುನಿಸಿಕೊಂಡ ಬಾತುಕೋಳಿಯೊಂದರ ಆಕೃತಿ. ಇದೇನು ವಿಪರೀತವೆಂದು ಕೇಳಿದವರಿಗೆ ಅವರು ಬೆವರೊರೆಸಿಕೊಳ್ಳುತ್ತ ಸಮಾಧಾನದಿಂದಲೇ ಉತ್ತರಿಸುತ್ತಿದ್ದರು: "ಆಟ ನಡೆಯೋವಾಗ ತಂಡಾನ ನೋಡ್ಕೊಳ್ಳೋಕೆ ಊರಿಗೆ ಊರೇ ಇರುತ್ತೆ. ಆಟ ಇಲ್ಲದ ತಿಂಗಳಲ್ಲಿ ಯಾರಿದಾರೆ ಹೇಳಿ, ನನ್ನ ಬಿಟ್ಟರೆ?"

ಆಟಗಾರರು ಮನೆಗೆ ಹೋಗಿ, ಮೈದಾನದಲ್ಲಿ ಹುಲ್ಲು ಬೆಳೆದು, ಆಡಳಿತದವರು ಮುಚ್ಚಿದ ಬಾಗಿಲ ಹಿಂದೆ ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಬಿಟ್ಟುಕೊಡಬೇಕು ಎಂದು ತಲೆ ಕೆಡಿಸಿಕೊಳ್ಳುವ ಆ ಆಟವಿಲ್ಲದ ಕಾಲವೇ ಅವರ ನಿಜವಾದ ಋತು. ಆಟ ಶುರುವಾಯಿತೆಂದರೆ ಅವರ ಉತ್ಸಾಹ ಅರ್ಧಕ್ಕರ್ಧ ಇಳಿದುಹೋಗುತ್ತಿತ್ತು. ಹೆಣ್ಣು ನೋಡುವುದರಿಂದ ಹಿಡಿದು ಮಾತುಕತೆ ಮುಗಿಸುವ ತನಕ ಓಡಾಡಿ, ಮದುವೆಯ ದಿನ ಮೂಲೆಯಲ್ಲಿ ಕೂತು ತೂಕಡಿಸುವ ಹಿರಿಯರಿರುತ್ತಾರಲ್ಲ, ಅಂಥವರು.

ನಡಿಗೆಯೂ ಅವರದೇ ಒಂದು ಬಗೆ. ಎದುರಿನ ಅಂಗಡಿಗೆ ಹೋಗುವಾಗಲೂ ನೇರವಾಗಿ ಹೆಜ್ಜೆಯಿಡದೆ, ಒಂದು ಭುಜ ಮುಂದೆ ಚಾಚಿ ಅಡ್ಡಡ್ಡ ಸರಿಯುತ್ತ, ಬೇಸ್‌ಬಾಲಿನಲ್ಲಿ ಚೆಂಡಿನ ಎಸೆಗಾರನ ಕಣ್ಣು ತಪ್ಪಿಸಿ ಮುಂದಿನ ಬೇಸ್‌ಗೆ, ಅಂದರೆ ನೆಲೆಗೆ, ಓಡಲು ಹೊಂಚು ಹಾಕುವ ಆಟಗಾರನ ಭಂಗಿಯಲ್ಲಿ ರಸ್ತೆ ದಾಟುತ್ತಿದ್ದರು. ವೃತ್ತಿಯಿಂದ ಶವವಾಹನದ ಚಾಲಕರು. ಇಷ್ಟು ಚುರುಕಿನ ಮನುಷ್ಯ ಅಷ್ಟು ನಿಧಾನವಾಗಿ ಗಾಡಿ ಓಡಿಸುವುದನ್ನು ನೋಡುವುದೇ ಒಂದು ಸೋಜಿಗವಾಗಿತ್ತು. ಒಮ್ಮೆ, ತಂಡದವರು ಎಡಗೈ ಎಸೆಗಾರನೊಬ್ಬನನ್ನು ಬೇರೆಯವರಿಗೆ ಕೊಟ್ಟು ಬದಲಿಗೆ ಯಾರನ್ನು ತರುತ್ತಾರೆಂಬುದು ಪ್ರಕಟವಾಗಬೇಕಾದ ಗಳಿಗೆಗೇ ಸರಿಯಾಗಿ, ಪೆಲಿಕಾನೋಸ್‌ನ ಹಳೆಯ ಅಭಿಮಾನಿಯೊಬ್ಬರ ಶವಯಾತ್ರೆ ಬಿತ್ತು. ಅನಾಕ್ಲೇತೊ ಸಂಕೋಚದಿಂದ ರೇಡಿಯೋವನ್ನು ಪಿಸುದನಿಗೆ ಇಳಿಸಿಟ್ಟುಕೊಂಡು ಓಡಿಸುತ್ತಿದ್ದರು. ಪಕ್ಕದಲ್ಲಿ ಕರವಸ್ತ್ರ ಹಿಡಿದು ಕೂತಿದ್ದ ಸತ್ತವರ ತಮ್ಮ ಬಿಕ್ಕುತ್ತಲೇ ಹೇಳಿದರಂತೆ, "ಸ್ವಲ್ಪ ಜೋರಾಗಿ ಇಡಿ ದೊನ್. ಅಣ್ಣನಿಗೂ ಕೇಳ್ಲಿ, ಆ ಚಿಂತೆ ಮನಸ್ಸಲ್ಲಿಟ್ಕೊಂಡು ಹೋಗೋದು ಬೇಡ." ಸ್ಮಶಾನದ ಬಾಗಿಲಲ್ಲಿ ಸುದ್ದಿ ಕೇಳಿ ಇಬ್ಬರೂ ಒಟ್ಟಿಗೆ ಆಡಳಿತಕ್ಕೆ ಶಾಪ ಹಾಕಿದರೆಂದೂ, ಪಾದ್ರಿಗಳು ಅದನ್ನು ಕೇಳಿಸಿಕೊಂಡೂ ಕೇಳಿಸದವರಂತಿದ್ದರೆಂದೂ ಊರಲ್ಲಿ ಪ್ರತೀತಿ.

ನಾನು ಕಣಿವೆಯ ಸೀಮೆಯವನು. ಈ ಊರಿನ ಹೆಣ್ಣನ್ನು ಮದುವೆಯಾಗಿ ಇಲ್ಲಿ ಬೇರೂರಿದವನು. ಹೆಂಡತಿಗಾಗಿ ಊರು ಬಿಟ್ಟೆನೇ ಹೊರತು ತಂಡ ಬಿಡಲಿಲ್ಲ. ಇವತ್ತಿಗೂ ಪೆಲಿಕಾನೋಸ್‌ನ ಎದುರಾಳಿಯಾದ ಕಣಿವೆಯ ಗಾವಿಲಾನೆಸ್ ತಂಡದ ಅಭಿಮಾನಿಯೇ. ಅನಾಕ್ಲೇತೊರ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ಎದುರಾಳಿ ತಂಡದವನೆಂದು ಅವರು ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. "ಏನು ಶತ್ರು, ಕಾಫಿ ಆಯ್ತಾ?" ಎಂಬ ಅವರ ಸುಪ್ರಭಾತವಿಲ್ಲದೆ ನನಗೆ ಬೆಳಗಾಗುತ್ತಿರಲಿಲ್ಲ.

ಅಭಿಪ್ರಾಯ ಹೇಳುವ ಮುನ್ನ "ನಾನೇನೂ ಹೇಳೋದಿಲ್ಲಪ್ಪ" ಎಂದು ಎರಡೂ ಕೈ ಎತ್ತುವುದು ಅವರ ರೂಢಿ. ಆ ಕೈಗಳು ಮೇಲಕ್ಕೆ ಹೋದವೆಂದರೆ ತಿಳಿದವರು ಕುರ್ಚಿ ಎಳೆದುಕೊಳ್ಳುತ್ತಿದ್ದರು, ಏಕೆಂದರೆ ಮಾತು ಮುಗಿಯಲು ಕನಿಷ್ಠ ಅರ್ಧ ತಾಸು ಬೇಕಿತ್ತು. ತಂಡವನ್ನು ಅವರು 'ಅವರು' ಎಂದದ್ದನ್ನು ಯಾರೂ ಕೇಳಿಲ್ಲ, ಯಾವಾಗಲೂ 'ನಾವು'. "ನಾವು ಆ ದಪ್ಪ ದಾಂಡಿಗನನ್ನ ತರೋದು ಬೇಡ. ಹೊಡೀತಾನೆ, ನಿಜ. ಆದರೆ ಓಡು ಅಂದ್ರೆ ಬಾಡಿಗೆ ಗಾಡಿ ಕರೀತಾನೆ." ಪ್ರತಿ ಸಂಜೆ ಆಟದ ಚರ್ಚೆ ನಡೆಸುವ ರಾಮಿರೊ ತೇಹಾದಾನ ರೇಡಿಯೋ ಕಾರ್ಯಕ್ರಮಕ್ಕೆ ಚಿಚಿಯ ಕಿರಾಣಿ ಅಂಗಡಿಯ ದೂರವಾಣಿಯಿಂದ, ಡೊಮಿನೊ ಆಡುವವರ ನಡುವೆ ನಿಂತುಕೊಂಡೇ ಕರೆ ಮಾಡುತ್ತಿದ್ದರು. ಮನೆಯಲ್ಲಿ ಕೂತು ಹೇಳುವ ಅಭಿಪ್ರಾಯಕ್ಕೆ ಬೆನ್ನುಮೂಳೆ ಇರುವುದಿಲ್ಲ ಎಂಬುದು ಅವರ ಸಿದ್ಧಾಂತ.

ಆದರೆ ಅವರ ಹೆಸರು ಊರಿನಾಚೆಗೂ ಹಬ್ಬಿದ್ದಕ್ಕೆ ಕಾರಣ ಬೇರೆ. ಇಷ್ಟೆಲ್ಲ ವರ್ಷಗಳಲ್ಲಿ ಆಡಳಿತ ಅವರ ಮಾತನ್ನು ಒಮ್ಮೆಯೂ ನಡೆಸಿರಲಿಲ್ಲ. ಉಳಿಸಿ ಎಂದವರನ್ನು ಬಿಟ್ಟಿತು, ಬಿಡಿ ಎಂದವರನ್ನು ಅಪ್ಪಿಕೊಂಡಿತು. ಅವರು ಹೇಳಿದ್ದೆಲ್ಲ ಸರಿಯಾಗಿತ್ತೆಂದು ನಾನು ಹೇಳುತ್ತಿಲ್ಲ. ಅವರು ಕಣ್ಣೀರಿಟ್ಟು ಬೀಳ್ಕೊಟ್ಟ ಒಬ್ಬ ದಾಂಡಿಗ ನಮ್ಮ ಗಾವಿಲಾನೆಸ್‌ಗೆ ಬಂದು, ಚೆಂಡನ್ನು ಬಿಟ್ಟು ಮಿಕ್ಕೆಲ್ಲಕ್ಕೂ ದಾಂಡು ಬೀಸಿದ. ಸರಿಯೋ ತಪ್ಪೋ, ತಿರುಗುಮುರುಗು ಆಗುವುದು ಮಾತ್ರ ತಪ್ಪುತ್ತಿರಲಿಲ್ಲ. ಕಾಲಕ್ರಮೇಣ ಅದೊಂದು ನಂಬಿಕೆಯಾಗಿ ಬೆಳೆಯಿತು. ಆಟಗಾರರ ತಾಯಂದಿರು ಅವರನ್ನು ಬೀದಿಯಲ್ಲಿ ಕಂಡರೆ ಕೈ ಮುಗಿದು, "ದೊನ್ ಅನಾಕ್ಲೇತೊ, ನಿಮಗೆ ಪುಣ್ಯ ಬರ್ಲಿ, ನನ್ನ ಮಗನ್ನ ಹೊಗಳಬೇಡಿ" ಎಂದು ಬೇಡಿಕೊಳ್ಳುತ್ತಿದ್ದರು. ಅವರು ನಗುತ್ತಿದ್ದರು, ಆದರೂ ಆ ನಗೆಯಲ್ಲಿ ಒಂದು ಸಣ್ಣ ಗಾಯ ಇದ್ದೇ ಇತ್ತು.

ಹೀಗಿರುವಾಗ ಒಂದು ಸೆಪ್ಟೆಂಬರಿನಲ್ಲಿ ಒದಾಲಿಸ್‌ನ ವಿಷಯ ಎದ್ದಿತು. ಒದಾಲಿಸ್ ಪೆಲಿಕಾನೋಸ್‌ನ ಹಿಡಿಗಾರ, ಅಂದರೆ ದಾಂಡಿಗನ ಬೆನ್ನ ಹಿಂದೆ ಕುಕ್ಕರುಗಾಲಿನಲ್ಲಿ ಕೂತು ಎಸೆದ ಚೆಂಡನ್ನೆಲ್ಲ ಹಿಡಿಯುವವನು. ಹುಟ್ಟಿದ್ದು ನಮ್ಮ ಬೀದಿಯಲ್ಲೇ. ಬಾಪ್ತಿಸ್ಮದ ದಿನ ಅವನನ್ನು ಎತ್ತಿ ಹಿಡಿದವರು ಅನಾಕ್ಲೇತೊ, ಆದ್ದರಿಂದ ಅವನಿಗೆ ಅವರು ಪಾದ್ರಿನೊ, ಅಂದರೆ ಧರ್ಮತಂದೆ; ಅವನ ತಾಯಿ ಸೆನೋವಿಯಾಗೆ ಕೊಂಪಾದ್ರೆ, ಅಂದರೆ ಮಗನ ಇನ್ನೊಬ್ಬ ತಂದೆ. ಈ ನಂಟು ನಮ್ಮಲ್ಲಿ ರಕ್ತದ ನಂಟಿಗಿಂತ ಒಂದು ಗೇಣು ಮೇಲೆ. ಈಗ ಒದಾಲಿಸ್‌ಗೆ ಮೂವತ್ತೇಳು ದಾಟಿತ್ತು. ಕೂತರೆ ಮಂಡಿ ಲಟಲಟ ಎನ್ನುವುದು ಮೊದಲ ಸಾಲಿನ ಪ್ರೇಕ್ಷಕರಿಗೂ ಕೇಳುತ್ತಿತ್ತು. ಇಪ್ಪತ್ತೆರಡರ ಹೊಸ ಹಿಡಿಗಾರನೊಬ್ಬನನ್ನು ಇಟ್ಟುಕೊಂಡು ಇವನನ್ನು ಬಿಟ್ಟುಬಿಡುವ ಆಲೋಚನೆ ಆಡಳಿತಕ್ಕಿದೆ ಎಂಬ ಸುದ್ದಿ ಹರಡಿತು. ಬಿಟ್ಟರೆ ಆ ಪ್ರಾಯದವನನ್ನು ಬೇರೆ ಯಾರು ಕರೆಯುತ್ತಾರೆ? ಆಟವಲ್ಲದೆ ಬೇರೊಂದು ತಿಳಿಯದ ಜೀವ ಅದು.

ಸೆನೋವಿಯಾ ಕಡಲ ದಂಡೆಯಲ್ಲಿ ಮೈದಾಹಿಟ್ಟಿನ ಯಾನಿಕೆಕೆ ಕರಿದು ಮಾರುವ ಗಟ್ಟಿ ಹೆಂಗಸು. ಒಂದು ಮಧ್ಯಾಹ್ನ ಬಿಸಿ ಬಿಸಿ ಯಾನಿಕೆಕೆಗಳನ್ನು ಕಾಗದದಲ್ಲಿ ಸುತ್ತಿಕೊಂಡು ಅನಾಕ್ಲೇತೊರ ಮನೆಗೆ ಬಂದಳು. ಗೋಡೆ ಒಂದೇ ಆದ್ದರಿಂದ ನನಗೆಲ್ಲ ಕೇಳಿಸಿತು.

"ಕೊಂಪಾದ್ರೆ, ಇವತ್ತು ಸಂಜೆ ರೇಡಿಯೋದಲ್ಲಿ ನನ್ನ ಮಗನ ಬಗ್ಗೆ ನೀವು ಮಾತಾಡ್ಬೇಕು."

"ಅದನ್ನ ನೀನು ಹೇಳ್ಬೇಕಾ ಸೆನೋವಿಯಾ? ಅವನನ್ನ ಬಿಡೋದಾದ್ರೆ ಮೈದಾನಕ್ಕೆ ಬೀಗ ಹಾಕ್ಲಿ ಅಂತ..."

"ಅಯ್ಯೋ ಬೇಡ! ಬಯ್ಯಬೇಕು. ಮುದುಕ, ಮಂಡಿ ಹೋಗಿದೆ, ಕುರುಡ, ತೆಗೆದು ಬಿಸಾಕಿ ಅಂತ ಬಾಯ್ತುಂಬ ಬಯ್ಯಬೇಕು. ಆಗ ಅವರು ಖಂಡಿತ ಇಟ್ಕೋತಾರೆ. ನಿಮ್ಮ ಮಾತು ಯಾವತ್ತು ನಡ್ದಿದೆ ಹೇಳಿ?"

ದೊನ್ ಅನಾಕ್ಲೇತೊ ನಿಧಾನವಾಗಿ, "ಆದರೆ ಅದು ಸುಳ್ಳಲ್ವಾ ಸೆನೋವಿಯಾ?" ಎಂದರು.

"ಸುಳ್ಳೇ. ಅವನು ನಿಮ್ಮ ಮಗನ ಸಮಾನ, ಕೊಂಪಾದ್ರೆ. ಅವನಿಗೋಸ್ಕರ ಒಂದು ಸುಳ್ಳು ಬರಲ್ವಾ ನಿಮ್ಮ ಬಾಯಲ್ಲಿ?"

ಸಂಜೆ ಚಿಚಿಯ ಅಂಗಡಿಯ ಮುಂದೆ ಜಾತ್ರೆ. ಡೊಮಿನೊ ಕಾಯಿಗಳು ಮಗುಚಿಕೊಂಡು ಬಿದ್ದಿದ್ದವು. ಸೆನೋವಿಯಾ ಬಿಯರ್ ಪೆಟ್ಟಿಗೆಯ ಮೇಲೆ ಕೂತು ತುಟಿ ಅಲ್ಲಾಡಿಸುತ್ತ ಪ್ರಾರ್ಥಿಸುತ್ತಿದ್ದಳು. ಅನಾಕ್ಲೇತೊ ರಿಸೀವರ್ ಎತ್ತಿಕೊಂಡರು. ಒಂದು ಕೈಯನ್ನಷ್ಟೇ ಮೇಲೆತ್ತಲು ಸಾಧ್ಯವಾಯಿತು.

"ನಾನೇನೂ ಹೇಳೋದಿಲ್ಲಪ್ಪ ರಾಮಿರೊ. ಒದಾಲಿಸ್ ಇದಾನಲ್ಲ, ಅವನನ್ನ..." ಎಂದವರು ನಿಂತರು. ಬೆವರು ಹಣೆಯಿಂದ ಗಲ್ಲಕ್ಕೆ ಇಳಿಯಿತು. "ಅವನನ್ನ ಬಿಟ್ಟುಬಿಡಿ ಅಂತ ಹೇಳೋಕೆ ನನ್ನನ್ನ ಇಲ್ಲಿ ನಿಲ್ಲಿಸಿದಾರೆ. ಹೇಳಲ್ಲ. ನನ್ನ ಕೈಲಾಗಲ್ಲ."

ಗುಂಪು "ಅಯ್ಯೋ" ಎಂದಿತು. ಚಿಚಿ ದೂರವಾಣಿಯ ತಂತಿ ಕೀಳಲು ಕೈ ಚಾಚಿ, ಯಾಕೋ ಹಿಂದೆ ತೆಗೆದುಕೊಂಡ.

ಅನಾಕ್ಲೇತೊ ಮಾತಾಡಿದರು. ಒದಾಲಿಸ್‌ನ ಮಂಡಿ ಮುದಿಯಾಗಿದೆಯೆಂದು ಒಪ್ಪಿಕೊಂಡರು, ಅವನೀಗ ಆಮೆಗಿಂತ ನಿಧಾನ ಓಡುತ್ತಾನೆಂದೂ ಒಪ್ಪಿಕೊಂಡರು. "ಆದರೆ ನಮ್ಮ ಎಸೆಗಾರರೆಲ್ಲ ಎಳೆ ಹುಡುಗರು, ರಾಮಿರೊ. ಊರಿಗೆ ಊರೇ ಕೂಗ್ತಿರುವಾಗ ಅವರ ಕೈ ನಡುಗುತ್ತೆ. ಆಗ ಅವರು ನೋಡೋದು ಯಾರನ್ನ? ಎದುರಿಗೆ ಕೂತವನ ಮುಖಾನ. ಹೊಸಬನ ಕೈ ಚೆನ್ನಾಗಿದೆ, ಮಂಡಿ ಚೆನ್ನಾಗಿದೆ. ಆದರೆ ಅವನ ಮುಖದಲ್ಲೂ ಭಯಾನೇ ಇದೆ! ಇಬ್ಬರು ಹೆದರ್ದೋರು ಒಬ್ಬರನ್ನೊಬ್ಬರು ನೋಡ್ಕೊಂಡ್ರೆ ಏನಾಗುತ್ತೆ? ಒದಾಲಿಸ್ ಎದ್ದು ಹೋಗಿ ಒಂದು ಮಾತಾಡಿ ಬರ್ತಾನೆ, ಹುಡುಗ ನಗ್ತಾನೆ, ಮುಂದಿನ ಚೆಂಡು ಸರಿಯಾಗಿ ಬೀಳುತ್ತೆ. ಆ ಒಂದು ಮಾತಿಗೋಸ್ಕರ ಅವನನ್ನ ಇಟ್ಕೊಳ್ಳಿ."

ವಾರ ಕಳೆಯುವುದರೊಳಗೆ ಪೆಲಿಕಾನೋಸ್ ಒದಾಲಿಸ್‌ನನ್ನು ಬಿಟ್ಟಿತು.

ಊರು ಆಡಳಿತವನ್ನು ಬಯ್ಯಲಿಲ್ಲ, ಅನಾಕ್ಲೇತೊರನ್ನು ಬಯ್ದಿತು. ಚಿಚಿ ಕಾಫಿ ಕೊಟ್ಟು ಮುಖ ತಿರುಗಿಸುತ್ತಿದ್ದ. ಸೆನೋವಿಯಾ ಬೀದಿಯ ಆ ಬದಿಗೆ ಸರಿದು ನಡೆಯತೊಡಗಿದಳು. ಕೊಂಪಾದ್ರೆಯೊಡನೆ ಮಾತು ಬಿಡುವುದೆಂದರೆ ಬಾಪ್ತಿಸ್ಮದ ನೀರನ್ನೇ ಚೆಲ್ಲಿದ ಹಾಗೆ. ಬೆಳಗಿನ ಹೊತ್ತು ನನ್ನ ಗೋಡೆಯಾಚೆಯಿಂದ ಕರೆ ನಿಂತುಹೋಯಿತು. ಒಂದು ದಿನ ತಡೆಯಲಾರದೆ ನಾನೇ ಅವರ ಮನೆಗೆ ಹೋದೆ. ಅವರು ಜಾಕೆಟ್ಟಿನೊಳಗೆ ಕುಗ್ಗಿ ಕೂತಿದ್ದರು.

"ಶತ್ರು, ನಿಜ ಹೇಳಿ. ನಾನೇ ಅವನ ಬಾಯಿಗೆ ಮಣ್ಣು ಹಾಕಿದೆನಾ?"

"ಎಂಥ ಮಾತು ದೊನ್! ಆ ಆಡಳಿತದವರು ರೇಡಿಯೋ ಕೇಳ್ತಾರೆ ಅಂತ ಯಾರು ಹೇಳಿದ್ದು ನಿಮಗೆ?"

ಸಮಾಧಾನಕ್ಕೆಂದು ಆಡಿದ ಆ ಮಾತು ಅವರನ್ನು ಇನ್ನಷ್ಟು ನೋಯಿಸಿತು. ತಪ್ಪು ತನ್ನದೆನ್ನುವ ಸಂಕಟಕ್ಕಿಂತ, ತನ್ನ ದನಿ ಯಾರಿಗೂ ಕೇಳಿಸಿರಲೇ ಇಲ್ಲವೆನ್ನುವ ಸಾಧ್ಯತೆ ಅವರಿಗೆ ದೊಡ್ಡದಾಗಿ ಕಂಡಿತೆಂದು ತೋರುತ್ತದೆ.

ನವೆಂಬರಿನಲ್ಲಿ ನಮ್ಮ ಗಾವಿಲಾನೆಸ್‌ನ ಹಿಡಿಗಾರ ಕೈಬೆರಳು ಮುರಿದುಕೊಂಡ, ಅವಸರಕ್ಕೆ ಬೇರೆ ಯಾರೂ ಸಿಗದೆ ಒದಾಲಿಸ್‌ಗೆ ಕರೆ ಬಂತು. ಜನವರಿಯಲ್ಲಿ, ಸೋತವರು ಮನೆಗೆ ಹೋಗಲೇಬೇಕಾದ ಪಂದ್ಯದಲ್ಲಿ, ಅವನು ನಮ್ಮೂರ ಮೈದಾನಕ್ಕೇ ಕಣಿವೆಯವರ ಅಂಗಿ ತೊಟ್ಟು ಬಂದ. ನಾನೂ ಅನಾಕ್ಲೇತೊರೂ ಅಕ್ಕಪಕ್ಕ ಕೂತಿದ್ದೆವು. ಕೆಳಗಿನ ಸಾಲಿನಲ್ಲಿ ಸೆನೋವಿಯಾ ಯಾರ ಪರ ಕೂಗಬೇಕೆಂದು ತಿಳಿಯದೆ ಜಪಮಾಲೆ ತಿರುವುತ್ತ ಕೂತಿದ್ದಳು. ಕೊನೆಯ ಸರದಿ, ಗಾವಿಲಾನೆಸ್ ಒಂದು ಓಟ ಮುಂದೆ, ಮೂರು ನೆಲೆಗಳಲ್ಲೂ ಪೆಲಿಕಾನೋಸ್‌ನವರು ಓಡಲು ಸಿದ್ಧ, ಆದರೆ ಇನ್ನೊಬ್ಬ ದಾಂಡಿಗ ಔಟಾದರೆ ಅವರ ಆಟ ಮುಗಿದಂತೆ. ನಮ್ಮ ಗಾವಿಲಾನೆಸ್‌ನ ಎಸೆಗಾರ ಮೀಸೆ ಚಿಗುರದ ಹುಡುಗ. ಅವನ ಕೈ ನಡುಗುವುದು ನಾವು ಕೂತಲ್ಲಿಂದಲೇ ಕಾಣುತ್ತಿತ್ತು. ಒದಾಲಿಸ್ ಮುಖಕವಚ ಎತ್ತಿ, ಲಟಲಟನೆ ಎದ್ದು, ಹುಡುಗನ ಬಳಿ ಹೋಗಿ ಕಿವಿಯಲ್ಲೇನೋ ಹೇಳಿದ. ಹುಡುಗ ಹಲ್ಲು ಬಿಟ್ಟು ನಕ್ಕ. ಆಮೇಲೆ ಎಸೆದ ಮೂರು ಚೆಂಡಿಗೂ ದಾಂಡಿಗನ ದಾಂಡು ಗಾಳಿಯನ್ನೇ ಹೊಡೆಯಿತು. ಅಲ್ಲಿಗೆ ಪೆಲಿಕಾನೋಸ್ ಸೋತಿತು.

ನಾನು ಕುಣಿಯಲು ಎದ್ದವನು ಅವರ ಮುಖ ನೋಡಿ ಕೂತುಬಿಟ್ಟೆ. ಸುತ್ತಲಿನವರೆಲ್ಲ ಅವರತ್ತ ತಿರುಗಿದ್ದರು. ನಾ ಹೇಳಿರಲಿಲ್ವಾ ಎಂದು ಅವರು ಗರ್ಜಿಸುವುದನ್ನು ಕಾಯುತ್ತಿದ್ದರು. ಗರ್ಜಿಸಿದ್ದರೆ ಯಾರೂ ಎದುರಾಡುತ್ತಿರಲಿಲ್ಲ. ಅವರ ಕಣ್ಣು ತುಂಬಿತ್ತು.

"ನಮ್ಮ ಹುಡುಗರನ್ನ ಇನ್ನು ಯಾರು ಹಾಗೆ ನಗಿಸ್ತಾರೆ, ಶತ್ರು?" ಎಂದರು.

ಒದಾಲಿಸ್ ಬೇಲಿಯ ಹತ್ತಿರ ಬಂದು ಕೂಗಿದ. "ಪಾದ್ರಿನೊ! ನೀವು ಬಯ್ದಿದ್ರೆ ನಾನು ಇಲ್ಲೇ ಉಳ್ಕೋತಿದ್ದೆ ಅಂತ ಅಮ್ಮ ಈಗ್ಲೂ ಹೇಳ್ತಾಳೆ. ನಿಮ್ಮ ಬಾಯಲ್ಲಿ ಆ ಬೈಗುಳ ಕೇಳಿದ್ರೆ ನಾನು ಅವತ್ತೇ ಆಟ ಬಿಡ್ತಿದ್ದೆ!" ಸೆನೋವಿಯಾ ಹಿಂದೆ ತಿರುಗಿದಳು. ಅಂಗೈಯಲ್ಲೇ ಮೂಗೊರೆಸಿಕೊಂಡು, "ಹೋಗ್ಲಿ ಬಿಡಿ ಕೊಂಪಾದ್ರೆ, ನಾಳೆ ಮನೆಗೆ ಬನ್ನಿ, ಬಿಸಿ ಯಾನಿಕೆಕೆ ಕರೀತೀನಿ" ಎಂದಳು. ಎಲ್ಲರೂ ಮೆಟ್ಟಿಲಿಳಿಯುತ್ತಿದ್ದಾಗ ದೊನ್ ಅನಾಕ್ಲೇತೊ ನನ್ನ ತೋಳು ಹಿಡಿದು, "ನಾನೇನೂ ಹೇಳೋದಿಲ್ಲಪ್ಪ, ಆದರೆ ಮುಂದಿನ ವರ್ಷಕ್ಕೆ ನಾವು ಹಿಡಿಗಾರ ಅಂತ ಯಾರನ್ನ ತರಬೇಕು ಅಂದ್ರೆ..." ಎಂದು ಶುರು ಮಾಡಿದರು.

ಇಂಥವರು ಎಲ್ಲ ಊರುಗಳಲ್ಲೂ ಇರುತ್ತಾರೆ. ಯಾರೂ ಕೇಳದಿದ್ದರೂ ಹೇಳುತ್ತಾರೆ, ಹೇಳಿದ್ದು ನಡೆಯದಿದ್ದರೂ ನಾಳೆ ಮತ್ತೆ ಹೇಳುತ್ತಾರೆ. ಅಧಿಕಾರದ ಒಂದು ಎಳೆಯೂ ಕೈಯಲ್ಲಿಲ್ಲದೆ ಹೊಣೆಯನ್ನು ಮಾತ್ರ ಪೂರ್ತಿ ಹೊತ್ತುಕೊಳ್ಳುತ್ತಾರೆ. ನಾವು ಅವರನ್ನು ನೋಡಿ ನಗುತ್ತೇವೆ, ಅದರಲ್ಲಿ ತಪ್ಪಿಲ್ಲ, ಅವರೂ ನಗುತ್ತಾರೆ. ಆದರೆ ತಮ್ಮ ಮಾತು ಗೆದ್ದ ದಿನ ತಮ್ಮವರು ಸೋತರೆಂದು ಅಳಬಲ್ಲವರು ಆಡಳಿತದ ಕೋಣೆಗಳಲ್ಲಿ ಎಷ್ಟು ಮಂದಿ ಸಿಗುತ್ತಾರೋ ನನಗೆ ಗೊತ್ತಿಲ್ಲ. ಕಿರಾಣಿ ಅಂಗಡಿಯ ಮುಂದೆ ಒಬ್ಬರನ್ನು ನಾನು ಕಂಡಿದ್ದೇನೆ.